ಒಸಿ ಮುಂದುಕ್ ಜರುಗಿ

ಹೋದ ಸೋಮವಾರ ಅವರು ನನ್ನ ಬಸ್ಸು ಹತ್ತಿದರು. ಹತ್ತಿದವರು ಸೀಟು ಹುಡುಕಲಿಲ್ಲ, ಟಿಕೆಟ್ ಕೇಳಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು ಬಸ್ಸಿನ ಹಿಂದುಮುಂದನ್ನೆಲ್ಲ ಕಣ್ಣಲ್ಲೇ ತೂಗಿ ನೋಡಿ, ಕಂಡಕ್ಟರನಾದ ನನ್ನನ್ನು ಕರೆದರು.

"ಲೋ, ಭಾರ ಎಲ್ಲ ಇಂದುಕ್ ಬಿದ್ದದ. ಆ ಮೂಟ ಇಟ್ಕಂಡಿರೋ ಅಪ್ಪನ್ನ ಒಸಿ ಮುಂದುಕ್ ಜರುಗ್ಸು."

"ಅಕ್ಕಾ, ಇದು ಜಟಕಾ ಅಲ್ಲ, ಬಸ್ಸು. ಎಲ್ ಕುಂತ್ರೂ ಒಂದೇಯ."

"ನಿಂಗ ಒಂದೇಯ. ಟೈರ್ನ ಕೇಳಿದ್ದೀಯಾ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮೂಟೆಯ ಅಪ್ಪ ಮಾತ್ರ ಎದ್ದು ಮುಂದೆ ಹೋಗಿ ಕೂತ. ಆ ದನಿಗೆ ಜರುಗದ ಮನುಷ್ಯ ಕೊಳ್ಳೇಗಾಲದಲ್ಲಿ ಇನ್ನೂ ಹುಟ್ಟಿಲ್ಲ. ಇಪ್ಪತ್ತು ವರ್ಷ ಜಟಕಾ ಹೊಡೆದವರು ಅವರು. ನಮ್ಮ ಸ್ಟ್ಯಾಂಡಿನಲ್ಲಿ ಲಗಾಮು ಹಿಡಿದ ಹೆಂಗಸೆಂದರೆ ಅವರೊಬ್ಬರೇ. ಗಾಡಿ ಬಿಟ್ಟರಂತೆ ಎಂದು ಹಿಂದಿನ ವಾರ ಕೇಳಿದ್ದೆ, ನಂಬಿರಲಿಲ್ಲ. ಈಗ ಬಸ್ಸು ಹತ್ತಿದ ಮೇಲೆ ನಂಬಲೇಬೇಕಾಯಿತು. ಆ ಗಲಿಬಿಲಿಯಲ್ಲಿ ಹನೂರಿನ ಟಿಕೆಟ್ ಹರಿಯುವ ಬದಲು ಮಾರ್ಟಳ್ಳಿಯದು ಹರಿದೆ. ಅದು ಬಿಡಿ, ಗಲಿಬಿಲಿ ಇಲ್ಲದಿದ್ದರೂ ದಿನಕ್ಕೊಂದು ಹಾಗೆ ಹರಿಯುತ್ತೇನೆ.

ಅವರಿಗೊಂದು ಚೆಂದದ ಹೆಸರಿದೆ. ಊರು ಅದನ್ನು ಮರೆತು ಜಟ್ಕಮ್ಮ ಎಂದೇ ಕರೆಯಿತು. "ನನ್ ಎಸ್ರ ಎಲ್ಲೂ ಬರೀಬ್ಯಾಡ ಕಣ್ಲಾ, ಪೊಲೀಸ್ನೋರು ಬರ್ಕಂಡಿದ್ದೇ ಸಾಕು" ಎಂದು ಅಪ್ಪಣೆಯಾಗಿದೆ. ಒಮ್ಮೆ ಲಾಂದ್ರವಿಲ್ಲದೆ ಗಾಡಿ ಹೊಡೆದದ್ದಕ್ಕೆ ಪೊಲೀಸರು ಬರೆದುಕೊಂಡಿದ್ದರು. ಅದನ್ನು ಅವರು ಪದವಿಯ ಹಾಗೆ ಹೇಳಿಕೊಳ್ಳುತ್ತಿದ್ದರು.

ಗಂಡ ತೀರಿಕೊಂಡಾಗ ಗಾಡಿ, ಕುದುರೆ ಎರಡನ್ನೂ ಮಾರುತ್ತಾರೆಂದು ಸ್ಟ್ಯಾಂಡಿನವರು ಕಾದಿದ್ದರಂತೆ. ತಿಥಿ ಮುಗಿದ ಮಾರನೆಯ ದಿನ ಅವರು ಸೀರೆಯ ಮೇಲೆ ಗಂಡನ ಖಾಕಿ ಕೋಟು ಹಾಕಿಕೊಂಡು, ಗಾಡಿ ಹೂಡಿಕೊಂಡು ಬಂದು ಸಾಲಿನಲ್ಲಿ ನಿಂತರು. ಯಾರೋ ಏನೋ ಅಂದದ್ದಕ್ಕೆ ಹೇಳಿದ್ದು ಇಷ್ಟೇ: "ಯಜಮಾನ್ರು ಓದದ್ದು ಕುದ್ರಗ ಗೊತ್ತಾಯ್ತದಾ? ಅದ್ಕ ಒಟ್ಟ ಅಸೀತದ."

ಆ ಕುದುರೆಯ ಹೆಸರು ತಾಸಿಲ್ದಾರ. ಎಷ್ಟು ಕೂಗಿದರೂ ತನಗೆ ಮನಸ್ಸು ಬಂದಾಗಲೇ ಏಳುವುದು ಎಂದು ಗಂಡ ಇಟ್ಟ ಹೆಸರು. ಚಾವಟಿ ಇತ್ತು, ಆದರೆ ತಾಸಿಲ್ದಾರನ ಮೈಗೆ ಅದು ಒಂದು ದಿನವೂ ತಾಕಿದ್ದಿಲ್ಲ. ಅದರಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು, ದಾರಿ ತೋರಿಸುತ್ತಿದ್ದರು, ನನ್ನಂಥವರನ್ನು ತಿವಿಯುತ್ತಿದ್ದರು. ಕುದುರೆ ಹೊರಡಬೇಕಾದರೆ ಅದರ ಬೆನ್ನ ಮೇಲೆ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ಎರಡು ಸಲ ತಟ್ಟಿ, "ಕಚೇರಿ ತಗೀರಿ ಸ್ವಾಮಿ" ಅನ್ನುತ್ತಿದ್ದರು.

ಜಟಕಾಕ್ಕೆ ಎರಡೇ ಚಕ್ರ. ಭಾರ ಹಿಂದಾದರೆ ಗಾಡಿ ಮೂತಿ ಎತ್ತುತ್ತದೆ, ಮುಂದಾದರೆ ಕುದುರೆ ಕುಗ್ಗುತ್ತದೆ. ಹಾಗಾಗಿ ಗಾಡಿ ಹೊಡೆಯುವವರೆಲ್ಲ ಮುಂದೆ ಬನ್ನಿ, ಹಿಂದೆ ಹೋಗಿ ಎಂದು ಕೂಗುವುದು ವಾಡಿಕೆ. ಜಟ್ಕಮ್ಮ ಹಿಂದಿರುಗಿ ನೋಡದೆಯೇ ಕೂಗುತ್ತಿದ್ದರು. ಗಾಡಿಯ ಮುಂದಿನ ಮರ, ಮೂಕಿಯ ಮೇಲೆ ಕೂತ ಅವರ ಸೊಂಟಕ್ಕೇ ಎಲ್ಲ ತಿಳಿಯುತ್ತಿತ್ತು. "ಗೌಡ್ರೇ, ನೀವ್ ಒಸಿ ಮುಂದುಕ್ ಜರುಗಿ. ಲಾಯರಪ್ಪಾ, ನೀವ್ ಎಲ್ಲಿದ್ರೂ ಒಂದೇಯ, ಕುಂತ್ಕಳಿ."

ಈ ಕೂಗಿನಿಂದಲೇ ಎಲ್ಲ ಶುರುವಾದದ್ದು.

ನನಗಾಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಫೇಲಾಗಲು ತಯಾರಿ ನಡೆಸಿದ್ದೆ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಒಂದು ದಿನ ಧೈರ್ಯ ಮಾಡಿ ನನ್ನನ್ನು ಮಗ್ಗಕ್ಕೆ ಕೂರಿಸಿದರು. ನಾನು ಒಂದು ಗಂಟೆಯಲ್ಲಿ ಹರಿದ ಎಳೆಗಳನ್ನು ಗಂಟು ಹಾಕಲು ಮನೆಮಂದಿಯೆಲ್ಲ ಎರಡು ದಿನ ಕೂತರು. "ಇವನ್ನ ಮಗ್ಗದ್ ತಾವ್ಕ ಬುಡ್ಬ್ಯಾಡಿ, ಊಟ ಬೇಕಾದ್ರ ಹಾಕಿ" ಎಂದು ಅಪ್ಪ ತೀರ್ಪು ಕೊಟ್ಟರು. ಅಂದಿನಿಂದ ನಾನು ಜಟಕಾ ಸ್ಟ್ಯಾಂಡಿನ ಖಾಯಂ ಗಿರಾಕಿ, ಗಾಡಿ ಹತ್ತದ ಗಿರಾಕಿ.

ನಮ್ಮ ಬೀದಿಯಲ್ಲೇ ನಂಜುಂಡಣ್ಣ ಎಂಬ ನೇಕಾರರ ಮನೆ. ಅವರ ಮಗಳು ರತ್ನಿಗೆ ಮೂರನೆಯ ವರ್ಷದಲ್ಲಿ ಪೋಲಿಯೋ ಬಂದು ಎರಡು ಕಾಲೂ ಸೋತವು, ಸೊಂಟವೂ ಸೋತಿತು. ಆರು ವರ್ಷವಾದರೂ ಗೋಡೆಗೆ ಒರಗಿಸದೆ ಕೂರಲಾರಳು. ಆದರೆ ಬಾಯಿ ಜೋರು, ನೆನಪು ಇನ್ನೂ ಜೋರು. ಬೀದಿ ಮಕ್ಕಳು ಮಗ್ಗಿ ಒಪ್ಪಿಸುವುದನ್ನು ಕೇಳಿಯೇ ಹದಿನಾರರ ತನಕ ಕಲಿತಿದ್ದಳು. ನನಗೆ ಹದಿಮೂರರ ಮಗ್ಗಿಯಲ್ಲಿ ಈಗಲೂ ಅನುಮಾನವಿದೆ.

ಸಂಕ್ರಾಂತಿ ಕಳೆದ ಮೇಲೆ ನಂಜುಂಡಣ್ಣ ಅವಳನ್ನು ಎತ್ತಿಕೊಂಡು ಸ್ಕೂಲಿಗೆ ಹೋದರು. ಹೆಡ್‌ಮಾಸ್ಟರು ಕೆಟ್ಟವರಲ್ಲ. "ನೋಡಪ್ಪ, ಬೆಂಚಿಗೆ ಒರಗು ಇಲ್ಲ. ತಾನಾಗಿ ಒಂದು ಪೀರಿಯಡ್ ಕೂತರೆ ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇನೆ. ನಾನು ಐವತ್ತು ಮಕ್ಕಳಿಗೆ ಪಾಠ ಹೇಳಲೋ, ಇವಳನ್ನು ಹಿಡಿದುಕೊಂಡು ಕೂರಲೋ?" ಎಂದರು. ನಂಜುಂಡಣ್ಣ ಮಗಳನ್ನು ಎತ್ತಿಕೊಂಡು ವಾಪಸು ಬಂದರು. ರತ್ನಿ ದಾರಿಯುದ್ದಕ್ಕೂ ಹದಿನಾರರ ಮಗ್ಗಿ ಹೇಳಿದಳಂತೆ, ಜೋರಾಗಿ, ಸ್ಕೂಲಿಗೆ ಕೇಳಿಸುವ ಹಾಗೆ.

ವಾರಕ್ಕೊಮ್ಮೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದುದು ಜಟ್ಕಮ್ಮನ ಗಾಡಿಯೇ. ಅವರೊಂದು ಸಂಗತಿ ಗಮನಿಸಿದ್ದರು. ನೆಲದ ಮೇಲೆ ಮೂಟೆಯ ಹಾಗೆ ಕುಸಿಯುವ ಮಗು ಗಾಡಿ ಓಡುವಾಗ ಕುಸಿಯುವುದಿಲ್ಲ. ಮುಂದುಕ್ ಜರುಗಿ ಎಂದು ಕೂಗಿದರೆ ದೊಡ್ಡವರ ಜೊತೆ ಅವಳೂ ಅಂಗೈ ಊರಿ ಒಂದು ಬೆರಳಷ್ಟು ಮುಂದೆ ಬರುತ್ತಾಳೆ. ಅಷ್ಟೇ. ಅದನ್ನು ಕಂಡದ್ದು ಡಾಕ್ಟರಲ್ಲ, ತಾಯಿಯಲ್ಲ. ಹಿಂದಿರುಗಿ ನೋಡದ ಜಟ್ಕಮ್ಮನ ಸೊಂಟ.

"ಗಾಡೀಲೇ ಇಂಗ್ ಕುಂತ್ಕತಾಳ ಅಂದ್ರ ಕುದ್ರ ಮ್ಯಾಲ ಇನ್ನೂ ಸಂದಾಗ್ ಕುಂತ್ಕಳ್ಳೋಳು" ಎಂದರು ಒಂದು ಮಧ್ಯಾಹ್ನ. ಬಸ್ಸು ಹೋಗಿ ಸ್ಟ್ಯಾಂಡು ಖಾಲಿ. ನಂಜುಂಡಣ್ಣ ಮಗಳನ್ನು ಎತ್ತಿಕೊಂಡು ನಿಂತಿದ್ದಾರೆ. ನಾನು ಕಡಲೆಕಾಯಿ ತಿನ್ನುತ್ತಿದ್ದೇನೆ. ಚಾವಟಿ ಬಂದು ನನ್ನ ಪಕ್ಕೆಗೆ ತಿವಿಯಿತು.

"ಏನ್ಲಾ, ನಿಂತ್ಕಂಡೇ ಮುದ್ಕ ಆಗ್ಬುಟ್ಟೀಯ. ಈ ಮಗಿನ ತೊಡ ಇಡ್ಕ ಬಾ."

ಹೀಗೆ ನಾನು ಸಮಾಜ ಸೇವೆಗೆ ಇಳಿದೆ. ಸ್ವಂತ ಇಚ್ಛೆಯಿಂದ, ಪಕ್ಕೆ ಉಜ್ಜಿಕೊಳ್ಳುತ್ತ.

ಜಾಗ, ಕೆರೆ ಏರಿಯ ಕೆಳಗಿನ ಮರಳು ನೆಲ. ಹೊತ್ತು, ಮಧ್ಯಾಹ್ನದ ಬಸ್ಸು ಹೋದ ಮೇಲೆ ಸಂಜೆಯ ಮೈಸೂರು ಬಸ್ಸು ಬರುವ ತನಕ. ಮುಂದೆ ಜಟ್ಕಮ್ಮ ಕುದುರೆ ಹಿಡಿದು ನಡೆಯುವುದು, ಬಲಗಡೆ ನಂಜುಂಡಣ್ಣ, ಎಡಗಡೆ ನಾನು, ಮಗುವಿನ ತೊಡೆ ಹಿಡಿದು. ಓಟವಿಲ್ಲ, ಬರೀ ನಡಿಗೆ. ನೀರು ತುಂಬಿದ ಕೊಡ ಹೊತ್ತವರ ನಡಿಗೆ. ಕುದುರೆ ಹೆಜ್ಜೆ ಹಾಕಿದಾಗ ಅದರ ಬೆನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ಮೇಲಿರುವ ಮಗುವಿನ ಸೊಂಟವೂ ಹಾಗೇ ತೂಗುತ್ತದೆ, ತಾನೇ ನಡೆದಂತೆ.

"ಅವ್ಳು ನಡೀನಿಲ್ಲ, ಕುದ್ರ ಅವ್ಳ ನಡಸ್ತದ" ಎಂದರು ಜಟ್ಕಮ್ಮ. "ಸೊಂಟುಕ್ಕ ಏನ್ ಗೊತ್ತು, ಕಾಲು ಯಾರವು ಅಂತ?"

ಮೊದಲ ದಿನವೇ ತಾಸಿಲ್ದಾರ ನನ್ನ ಕಾಲಿನ ಮೇಲೆ ಕಾಲಿಟ್ಟು, ಏನೋ ಯೋಚನೆ ಮಾಡುತ್ತ ನಿಂತುಬಿಟ್ಟ. ನಾನು ಕೂಗಿದ ಕೂಗಿಗೆ ಯಳಂದೂರಿನ ಕಾಗೆಗಳು ಹಾರಿದವು ಎಂದು ನಾನು ಹೇಳುತ್ತೇನೆ. ಕಂಡವರು ಕೆರೆ ಕೊಕ್ಕರೆ ಕೂಡ ಅಲುಗಲಿಲ್ಲ ಎನ್ನುತ್ತಾರೆ. ಆದರೆ ಮೇಲೆ ಕೂತ ರತ್ನಿ ಬಿದ್ದು ಬಿದ್ದು ನಕ್ಕಳು. ನಿಜಕ್ಕೂ ಬೀಳುವಂತಾಗಿ ನಂಜುಂಡಣ್ಣ ಹಿಡಿದರು. ಎರಡನೆಯ ದಿನ ಮಗು ಕೂರುವ ಗೋಣಿಮೆತ್ತೆಗೆ ಒಣಹುಲ್ಲು ತುಂಬಲು ನನಗೆ ಹೇಳಿದರು. ಮೃದುವಾಗಿರಲಿ ಎಂದು ನಾನು ಹಸಿಹುಲ್ಲು ತುಂಬಿದೆ. ತಾಸಿಲ್ದಾರ ಕತ್ತು ಹಿಂದೆ ತಿರುಗಿಸಿ ಆಸನವನ್ನೇ ಊಟ ಮಾಡಿದ.

ಸುದ್ದಿ ಹರಡಿತು. ಯಳಂದೂರು ಕಡೆಯ ಹೊನ್ನೂರಿಂದ ಎತ್ತಿನ ಗಾಡಿಯಲ್ಲಿ ಸಿದ್ದರಾಜು ಎಂಬ ಹುಡುಗನನ್ನು ಕರೆತಂದರು. ಹುಟ್ಟಿದಾಗಿನಿಂದ ಬಿಗಿದ ಮುಷ್ಟಿ ಬಿಚ್ಚದವನು. ಜಟ್ಕಮ್ಮ ಅವನ ಮುಷ್ಟಿಯ ಸಂದಿಯಲ್ಲಿ ಬೆಲ್ಲದ ಚೂರು ಸಿಕ್ಕಿಸಿ ಕುದುರೆಯ ಬಾಯಿಗೆ ಒಡ್ಡಿದರು. ಬಿಸಿ ಉಸಿರು, ಒದ್ದೆ ತುಟಿ ತಾಕಿದ್ದೇ ಮುಷ್ಟಿ ಕಮಲದ ಹಾಗೆ ಅರಳಿತು ಎಂದು ಬರೆಯಲು ಆಸೆ. ಅರಳಲಿಲ್ಲ. ಎರಡು ಬೆರಳು ಬಿಚ್ಚಿದವು. ಅವನ ತಾಯಿಗೆ ಆ ಎರಡು ಬೆರಳೇ ಸಾಕಾಯಿತು. ಅಲ್ಲೇ ಮರಳಲ್ಲಿ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡರು.

ಆಸ್ಪತ್ರೆಯ ಡಾಕ್ಟರು ಒಮ್ಮೆ ರತ್ನಿಯ ಬೆನ್ನು ಮುಟ್ಟಿ ನೋಡಿ, "ಏನು ಮಾಡುತ್ತಿದ್ದೀರೋ ಮಾಡಿ. ಬೀಳಿಸಬೇಡಿ, ಅಷ್ಟೇ" ಎಂದರು. ಅದನ್ನೇ ನಾವು ಸರ್ಟಿಫಿಕೇಟು ಎಂದುಕೊಂಡೆವು.

ಏಪ್ರಿಲ್‌ನಲ್ಲಿ ಜಟ್ಕಮ್ಮನ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಒಂದೂವರೆ ತಿಂಗಳು ಶಾಗ್ಯಕ್ಕೆ ಹೊರಟರು. ಕುದುರೆ, ಮಕ್ಕಳು, ಜವಾಬ್ದಾರಿ ಎಲ್ಲ ನನ್ನ ತಲೆಗೆ. ಹೊರಡುವಾಗ ಒಂದೇ ಮಾತು: "ಮಗಿನ ಕುದ್ರಗ ಕಟ್ಬ್ಯಾಡ. ಕುದ್ರ ಬಿದ್ರ ಮಗೀನೂ ಅಡೀಗ ಓಯ್ತದ."

ಮೂರು ಜನರ ಕೆಲಸಕ್ಕೆ ಇಬ್ಬರು ಉಳಿದೆವು. ನಾನು ಮುಂದೆ ಕುದುರೆ ಹಿಡಿದರೆ ಎಡಗಡೆ ಹಿಡಿಯಲು ಯಾರೂ ಇಲ್ಲ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನನ್ನ ತಲೆಗೆ ಉಪಾಯ ಹೊಳೆದಾಗಲೆಲ್ಲ ಊರಿಗೆ ಟಾಂಟಾಂ ಹೊಡೆಸಿ ಎಚ್ಚರಿಸಬೇಕು.

"ನಂಜುಂಡಣ್ಣ, ಸೀರೆ ಇಳ್ಸುದ್ ಮ್ಯಾಲ ಮಗ್ಗದಲ್ಲಿ ತುಂಡು ಎಳೆ ಉಳೀತವಲ್ಲ, ಅದ್ರಲ್ಲಿ ಒಂದು ಪಟ್ಟಿ ಯಾಕ ನೇಯ್ಬಾರ್ದು?"

ನೇಕಾರನನ್ನು ಹಾಗೆ ಕೇಳಬಾರದು. ಎರಡೇ ದಿನದಲ್ಲಿ ನಾಲ್ಕು ಬೆರಳಗಲದ ರೇಷ್ಮೆ ಪಟ್ಟಿ ತಂದರು, ಅಂಚಿಗೆ ಕೆಂಪು ಗೆರೆ ಬೇರೆ. "ಆನೆ ಕಟ್ಟಿ ಎಳ್ಸು, ಕಿತ್ರ ಕೇಳು" ಎಂದರು. ಅದನ್ನು ರತ್ನಿಯ ಎದೆಗೆ ಸುತ್ತಿ, ಡೇರೆಯ ಕಂಬಕ್ಕೆ ಹಗ್ಗ ಬಿಗಿದ ಹಾಗೆ ಎರಡು ಕಡೆ ಎಳೆದು ಕುದುರೆಯ ಹೊಟ್ಟೆಪಟ್ಟಿಗೆ ಕಟ್ಟಿದೆ. ರತ್ನಿ ನೆಟ್ಟಗೆ ಕೂತಳು! ಮಹಾರಾಣಿಯ ಹಾಗೆ! ದಿನಾ ಹಾಗೇ ಕೂರಿಸಿದೆ. ಕೊನೆಗೆ ಬೀದಿಯವರನ್ನೆಲ್ಲ ಕರೆದು ಮೆರವಣಿಗೆಯನ್ನೇ ಮಾಡಿದೆ. "ಯಾರ್ ಕಲಿಸಿದ್ದು?" ಎಂದು ಯಾರೋ ಕೇಳಿದರು. "ನಾನೇ" ಎಂದೆ. ಜೀವಮಾನದಲ್ಲಿ ನಾನು ಅಷ್ಟು ಸ್ಪಷ್ಟವಾಗಿ ಉತ್ತರ ಹೇಳಿದ್ದು ಅದೊಂದೇ ಪ್ರಶ್ನೆಗೆ.

ಸ್ಕೂಲು ಶುರುವಾಗಲು ಹನ್ನೆರಡು ದಿನ ಇರುವಾಗ ಜಟ್ಕಮ್ಮ ವಾಪಸು ಬಂದರು. ಬಂದವರು ನೇರ ಮರಳು ನೆಲಕ್ಕೇ ಬಂದರು. ರತ್ನಿ ಕುದುರೆಯ ಮೇಲಿಂದ ಕೈ ಬೀಸಿ, "ಅತ್ತೇ, ನೋಡು!" ಎಂದು ಕೂಗಿದಳು. ಜಟ್ಕಮ್ಮ ನೋಡಿದರು. ಹತ್ತಿರ ಬಂದು ಗಂಟು ಬಿಚ್ಚಿದರು.

ರತ್ನಿ ಒದ್ದೆ ಬಟ್ಟೆಯ ಹಾಗೆ ಎಡಕ್ಕೆ ವಾಲಿದಳು. ಅವರು ತೋಳು ಕೊಟ್ಟು ಹಿಡಿದರು.

"ಯಾರ್ ಕಟ್ದೋರು?"

ನಂಜುಂಡಣ್ಣ ನೆಲ ನೋಡಿದರು. ನಾನು ಆಕಾಶ ನೋಡಿದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ನಾನ್ ಕುಂತಿದ್ದಿ ಅಲ್ವಾ ಅತ್ತೇ?" ಎಂದಳು ರತ್ನಿ. "ದಿನಾ ಕುಂತಿದ್ದಿ."

ಎರಡು ತಿಂಗಳು ಎಳ್ಳಷ್ಟೆಳ್ಳಷ್ಟು ಗಟ್ಟಿಯಾದ ಬೆನ್ನನ್ನು ನಾನು ಒಂದೂವರೆ ತಿಂಗಳು ಮಲಗಿಸಿಬಿಟ್ಟಿದ್ದೆ, ರೇಷ್ಮೆ ಹಾಸಿ.

ಮಾರನೆಯ ದಿನ ನಾನು ಮನೆಯ ಅಟ್ಟದ ಮೇಲೆ ನೂಲಿನ ಪೆಟ್ಟಿಗೆಗಳ ಹಿಂದೆ ಅಡಗಿ ಕೂತೆ. ಜಟ್ಕಮ್ಮ ಕುದುರೆಯ ಸಮೇತ ಬಾಗಿಲಿಗೆ ಬಂದರು. ನಮ್ಮಪ್ಪ ಬಹಳ ಸಂತೋಷದಿಂದ ನನ್ನನ್ನು ತೋರಿಸಿಕೊಟ್ಟರು. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡೆ. ಅವರು ಬೈಯಲಿಲ್ಲ. "ಕುದ್ರ ಮ್ಯಾಲ ಅತ್ತು" ಎಂದರು. ಅದೇ ಪಟ್ಟಿಯಿಂದ ನನ್ನನ್ನು ಕುದುರೆಗೆ ಬಿಗಿದು, ಕೈ ಕಟ್ಟಿಕೊಳ್ಳಲು ಹೇಳಿ, ಕೆರೆಯ ತನಕ ನಿಧಾನವಾಗಿ ನಡೆಸಿಕೊಂಡು ಹೋದರು. ಬೀದಿಯೆಲ್ಲ ನೋಡಿತು. ಒಂದು ಫರ್ಲಾಂಗು ನಾಚಿಕೆಯಾಯಿತು. ಆಮೇಲೆ ನಿದ್ದೆ ಬಂತು. ಸುಳ್ಳಲ್ಲ, ಜೊಲ್ಲು ಸುರಿಸಿಕೊಂಡು ನಿದ್ದೆ.

ಕೆರೆ ಹತ್ತಿರ ಎಬ್ಬಿಸಿ ಪಟ್ಟಿ ಬಿಚ್ಚಿದರು. ಮತ್ತೆ ಒಂದು ಸುತ್ತು. ಈ ಸಲ ನನ್ನ ಮೈಯ ಒಂದೊಂದು ಕೂದಲೂ ಎದ್ದು ಕಾವಲು ನಿಂತಿತ್ತು.

"ಕುದ್ರ ಎಡುಕ್ ವಾಲ್ದಾಗ ನಿನ್ ಬಲಗಡ ಏನ್ ಮಾಡ್ತು?"

"ಎಳ್ಕತ್ತು ಅಕ್ಕಾ."

"ಯಾರ್ ಯೋಳ್ಕೊಟ್ರು?"

"ಯಾರೂ ಇಲ್ಲ."

"ಬೀಳ್ತೀನಿ ಅನ್ನೋ ಎದ್ರಿಕ ಯೋಳ್ಕೊಡ್ತು. ಅದು ಒಸಿ ಇರ್ಬೇಕು ಕಣ್ಲಾ. ಜಾಸ್ತಿ ಆದ್ರ ಮಗಿ ಅಳ್ತದ. ಇಲ್ದೇವೋದ್ರ ನಿನ್ನಂಗ ನಿದ್ದ ಮಾಡ್ತದ. ಒಸಿ."

ಹನ್ನೆರಡು ದಿನ ಬೆಳಿಗ್ಗೆಗೊಮ್ಮೆ, ಮಧ್ಯಾಹ್ನಕ್ಕೊಮ್ಮೆ ನಡೆದೆವು. ಬೆಳಗಿನ ಬಸ್ಸಿನ ಗಿರಾಕಿಗಳನ್ನು ಜಟ್ಕಮ್ಮ ಬೇರೆ ಗಾಡಿಗಳಿಗೆ ಬಿಟ್ಟುಕೊಟ್ಟರು. ನಮ್ಮ ಕೈಗಳಿಗೆ ಹೊಸ ಕಾನೂನು ಬಂತು. ರತ್ನಿಯ ತೊಡೆಯಿಂದ ಒಂದು ಬೆರಳು ದೂರ. "ಮುಟ್ಟಬ್ಯಾಡ, ದೂರನೂ ಓಗ್ಬ್ಯಾಡ." ಇದು ಹಿಡಿಯುವುದಕ್ಕಿಂತ ಕಷ್ಟ. ನನ್ನ ಕೈ ತಾನಾಗಿ ಹೋಗಿ ಹಿಡಿಯುತ್ತಿತ್ತು, ಚಾವಟಿಯ ತುದಿ ಬಂದು ಬಿಡಿಸುತ್ತಿತ್ತು. ರತ್ನಿ ವಾಲುತ್ತಿದ್ದಳು, ಅಳುತ್ತಿದ್ದಳು, ಅಂಗೈ ಊರಿ ಮೇಲೇಳುತ್ತಿದ್ದಳು. ಏಳನೆಯ ದಿನ ಅರ್ಧ ಸುತ್ತು. ಹತ್ತನೆಯ ದಿನ ಎರಡು ಸುತ್ತು. ಹನ್ನೊಂದನೆಯ ದಿನ ಅರ್ಧವೂ ಇಲ್ಲ. ಹನ್ನೆರಡನೆಯ ದಿನ ಜಟ್ಕಮ್ಮ ಕುದುರೆಗೆ ರಜೆ ಕೊಟ್ಟು, ರತ್ನಿಗೆ "ಉಣ್ಣು, ಮನಿಕ್ಕೋ" ಎಂದಷ್ಟೇ ಹೇಳಿ ಕಳಿಸಿದರು.

ಮರುದಿನ ಮೊದಲನೆಯ ಪೀರಿಯಡ್ಡು. ನಂಜುಂಡಣ್ಣ ಮಗಳನ್ನು ಬೆಂಚಿನ ಮೇಲೆ, ಇಬ್ಬರು ಹುಡುಗಿಯರ ನಡುವೆ ಕೂರಿಸಿ ಹೊರಗೆ ಬಂದರು. ನಾವು ಮೂವರೂ ಕಿಟಕಿಯ ಬಳಿ ನಿಂತೆವು. ಹೆಡ್‌ಮಾಸ್ಟರು ಪಾಠ ಶುರು ಮಾಡಿದರು. ಅವರ ಕಣ್ಣು ಹತ್ತು ಸಲ ಪುಸ್ತಕಕ್ಕೆ ಹೋದರೆ ಹನ್ನೊಂದು ಸಲ ರತ್ನಿಯ ಕಡೆ ಹೋಗುತ್ತಿತ್ತು. ಕಾಲು ಭಾಗ ಮುಗಿಯಿತು. ಅರ್ಧ ಮುಗಿಯಿತು. ಆಮೇಲೆ ಅವಳ ಎಡ ಹೆಗಲು ಇಳಿಯತೊಡಗಿತು. ಮೆಲ್ಲಗೆ, ದೀಪ ಇಳಿದ ಹಾಗೆ.

ನಾನು ಅರ್ಧ ಕಿಟಕಿಯೊಳಗೆ ಹೋಗಿದ್ದೆ. ಜಟ್ಕಮ್ಮ ನನ್ನ ಅಂಗಿ ಹಿಡಿದು ಎಳೆದರು. ಕೂಗಿಬಿಡುತ್ತಾರೆ ಅಂದುಕೊಂಡೆ. ಬಾಯಿ ತೆರೆದಿತ್ತು. ಕೂಗಲಿಲ್ಲ.

ರತ್ನಿ ಎರಡೂ ಅಂಗೈಗಳನ್ನು ಬೆಂಚಿಗೆ ಊರಿದಳು. ಥೇಟು ಜಟ್ಕಮ್ಮನ ದನಿಯಲ್ಲಿ, ತನಗೆ ತಾನೇ ಅಂದುಕೊಂಡಳು: "ಒಸಿ ಮುಂದುಕ್ ಜರುಗಿ."

ಜರುಗಿದಳು. ಬೆನ್ನು ನೆಟ್ಟಗಾಯಿತು. ಅಕ್ಕಪಕ್ಕದ ಹುಡುಗಿಯರೂ ಜರುಗಿದರು. ಮುಂದಿನ ಬೆಂಚಿನವರೂ ಜರುಗಿದರು. ಆ ಊರಿನ ಮಕ್ಕಳೆಲ್ಲ ಜಟಕಾದಲ್ಲಿ ಬೆಳೆದವರೇ ತಾನೆ! ಹೆಡ್‌ಮಾಸ್ಟರು ಕೂಡ ಅರ್ಧ ಹೆಜ್ಜೆ ಮುಂದೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಒಪ್ಪುವುದಿಲ್ಲ.

ಬೆಲ್ಲು ಹೊಡೆಯಿತು. ಅವರು ಹಾಜರಿ ಪುಸ್ತಕ ತೆಗೆದು ಹೆಸರು ಬರೆದುಕೊಂಡು ಕಿಟಕಿಗೆ ಬಂದರು. "ನಾಳೆಯಿಂದ ಸರಿಯಾದ ಹೊತ್ತಿಗೆ ಬರಬೇಕು" ಎಂದರು. ಆಮೇಲೆ, ಅಂಗಳದಲ್ಲಿ ಅವರ ಕ್ರೋಟನ್ ಗಿಡ ಮೇಯುತ್ತಿದ್ದ ತಾಸಿಲ್ದಾರನನ್ನು ನೋಡಿ, "ಇವನು ಬರಕೂಡದು."

ಕುದುರೆ ರತ್ನಿಗೆ ಕಾಲು ಕೊಡಲಿಲ್ಲ. ಕೊಟ್ಟಿತು ಎಂದರೆ ಜಟ್ಕಮ್ಮ ನನ್ನ ಪಕ್ಕೆ ಮುರಿಯುತ್ತಾರೆ. ಸೊಂಟ ಕೊಟ್ಟಿತು. ಅದರ ಮೇಲೆ ಅವಳು ಊರುಗೋಲು ಕಲಿತಳು, ಈಗ ಎಂಟನೆಯ ಕ್ಲಾಸಿನಲ್ಲಿದ್ದಾಳೆ. ನಾನು ನಾಲ್ಕನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ದಾಟಿದ್ದರಲ್ಲೂ ಅವಳ ಮಗ್ಗಿಯ ಪಾಲಿದೆ, ವಿವರ ಬೇಡ.

ಸೋಮವಾರದ ಬಸ್ಸಿನಲ್ಲಿ ಜಟ್ಕಮ್ಮ ಹೇಳಿದರು, ತಾಸಿಲ್ದಾರ ರಿಟೈರ್ ಆದನಂತೆ, ಗಾಡಿ ಎಳೆಯಲಾರ. ತಮ್ಮ ಮಂಡಿಯೂ ಮೂಕಿಗೆ ಹತ್ತುವುದಿಲ್ಲವಂತೆ. "ಆದ್ರ ನಡೀತಾನ. ಮಗಿನ ಒತ್ಕಂಡು ನಡಿಯಾಕ ಏನ್ ಬ್ಯಾಕು?" ಶಾಗ್ಯದಲ್ಲಿ ತಂಗಿಯ ಬೀದಿಯಲ್ಲೇ ಎರಡು ಮಕ್ಕಳಿವೆಯಂತೆ, ಗೋಡೆಗೆ ಒರಗಿ ಕೂರುವಂಥವು.

"ಕುದುರೆ ಎಲ್ಲಕ್ಕಾ?"

"ನೆನ್ನೇನೇ ಒಂಟುದ. ಮುಂದ್ ಸಿಕ್ತದ, ನೋಡ್ಕ."

ಹನೂರು 'ಇನ್ನೇನು ಬಂತು' ಅನ್ನುವಾಗ ಸಿಕ್ಕಿತು. ರಸ್ತೆಯ ಅಂಚಿನಲ್ಲಿ ಮುದಿ ತಾಸಿಲ್ದಾರ, ಕೊಡ ಹೊತ್ತವರ ನಡಿಗೆಯಲ್ಲಿ. ಕೈಹಗ್ಗದ ಜಾಗದಲ್ಲಿ ಬಣ್ಣ ಮಾಸಿದ ರೇಷ್ಮೆ ಪಟ್ಟಿ, ಇನ್ನೂ ಕಿತ್ತಿಲ್ಲ. ಅದನ್ನು ಹಿಡಿದು ನಂಜುಂಡಣ್ಣ ಮುಂದೆ. ಮೇಲೆ, ಊರುಗೋಲುಗಳನ್ನು ಬೆನ್ನಿಗೆ ಕಟ್ಟಿಕೊಂಡು, ಎಡಗಡೆ ಯಾರೂ ಇಲ್ಲ, ಬಲಗಡೆ ಯಾರೂ ಇಲ್ಲ, ರಜೆಗೆ ಹೊರಟ ರತ್ನಿ.

"ಎಂಗ್ ಕುಂತವ್ಳ ನೋಡ್ಲಾ" ಎಂದರು ಜಟ್ಕಮ್ಮ, ಹಿಂದಿರುಗಿ ನೋಡದೆ.

ನನಗೆ ಏನಾಯಿತೋ. ಬಾಗಿಲಿನ ಕಂಬಿಗೆ ಜೋತುಬಿದ್ದು, ಎರಡೂ ಕೈ ಬೀಸಿ, "ರತ್ನೀ!" ಎಂದು ಕೂಗಿದೆ. ಎರಡೂ ಕೈ ಬೀಸಿದರೆ ಕಂಬಿ ಹಿಡಿಯಲು ಮೂರನೆಯದು ಬೇಕೆಂಬುದು ಹೊಳೆದದ್ದು ಆಮೇಲೆ. ಟಿಕೆಟ್ ಪುಸ್ತಕ ರಸ್ತೆಗೆ ಹಾರಿತು. ನಾನೂ ಹಿಂದೆಯೇ ಹಾರುತ್ತಿದ್ದೆ. ನನ್ನ ಖಾಕಿ ಅಂಗಿಯ ಬೆನ್ನನ್ನು ಒಂದು ಕೈ ಗಬಕ್ಕನೆ ಹಿಡಿಯಿತು. ನನಗೆ ಚೆನ್ನಾಗಿ ಗೊತ್ತಿರುವ ಕೈ.

"ಒಸಿ ಇಂದುಕ್ ಜರುಗ್ಲಾ."